ನಿಮ್ಮ ತಾಲ್ಲೂಕಿನ ಸರ್ಕಾರಿ ಡೇಟಾ: ಕೇಳುವುದು, ಜೋಡಿಸುವುದು, ಹಂಚುವುದು

"ಡೇಟಾ ಕೊಡಿ" ಅಂತ ಸುಮ್ನೆ ಕೇಳಿದರೆ ಕೈಗೆ ಏನೂ ಬರುವುದಿಲ್ಲ. ಯಾವ ವರ್ಷದ್ದು, ಯಾವ ಮಟ್ಟದ್ದು, ಯಾವ ಕಡತದಲ್ಲಿರುವುದು ಅಂತ ಹೇಳಿ ಕೇಳಿದರೆ ಇಲ್ಲ ಅನ್ನುವುದು ಕಷ್ಟ. ಅದಕ್ಕೇ ಮೊದಲು ಪ್ರಶ್ನೆಯನ್ನು ಚಿಕ್ಕದು ಮಾಡಿಕೊಳ್ಳಿ. "ಗ್ರಾಮೀಣ ಶಿಕ್ಷಣದ ಸ್ಥಿತಿಗತಿ" ಅನ್ನುವುದನ್ನು ಯಾವ ಕಚೇರಿಯೂ ಎಣಿಸಿ ಇಟ್ಟಿರುವುದಿಲ್ಲ. "ನಮ್ಮ ತಾಲ್ಲೂಕಿನಲ್ಲಿ ಎಂಟನೇ ತರಗತಿ ಓದಿದ ಹುಡುಗಿಯರಲ್ಲಿ ಎಷ್ಟು ಜನ ಒಂಬತ್ತಕ್ಕೆ ಸೇರಿದರು" ಅನ್ನುವುದಕ್ಕೆ ಎಲ್ಲೋ ಒಂದು ಕಡೆ ಲೆಕ್ಕ ಇದ್ದೇ ಇರುತ್ತದೆ. ಇದೇ ಪ್ರಶ್ನೆಯನ್ನು ಹಿಡಿದು ಹೇಳುತ್ತಾ ಹೋಗುತ್ತೇನೆ, ನೀವು ಆಸ್ಪತ್ರೆಗೋ ಕೆರೆಗೋ ಪಡಿತರಕ್ಕೋ ಹೊಂದಿಸಿಕೊಳ್ಳಿ.

ಅರ್ಜಿ ಬರೆಯುವ ಮೊದಲು ಈಗಾಗಲೇ ಹೊರಗಿರುವುದನ್ನು ಹುಡುಕಿ. ರಾಜ್ಯ ಸರ್ಕಾರದ "ಮಾಹಿತಿ ಕಣಜ" ತಾಣದಲ್ಲಿ ಹಲವು ಇಲಾಖೆಗಳ ಮಾಹಿತಿ ಕನ್ನಡದಲ್ಲೇ ಸಿಗುತ್ತದೆ. ಆರ್ಥಿಕ ಮತ್ತು ಸಾಂಖ್ಯಿಕ ನಿರ್ದೇಶನಾಲಯ ಜಿಲ್ಲಾವಾರು ಅಂಕಿಅಂಶದ ಪುಸ್ತಕಗಳನ್ನು ಹೊರತರುತ್ತದೆ. ಕೇಂದ್ರದ ಸಮೀಕ್ಷೆಗಳ ಮನೆಮಟ್ಟದ ಕಡತಗಳು ಸಾಂಖ್ಯಿಕ ಸಚಿವಾಲಯದ ಮೈಕ್ರೋಡೇಟಾ ತಾಣದಲ್ಲಿ ನೋಂದಾಯಿಸಿಕೊಂಡರೆ ಉಚಿತ, ಆದರೆ ಅಲ್ಲಿ ಪ್ರತಿ ಸಾಲಿಗೂ ಒಂದು ತೂಕ (ಆ ಒಂದು ಮನೆ ಎಷ್ಟು ಮನೆಗಳ ಪರವಾಗಿ ನಿಂತಿದೆ ಅನ್ನುವ ಸಂಖ್ಯೆ) ಕೊಟ್ಟಿರುತ್ತಾರೆ, ಅದನ್ನು ಬಳಸದೆ ಸರಾಸರಿ ತೆಗೆದರೆ ಉತ್ತರ ತಪ್ಪಾಗುತ್ತದೆ, ಮತ್ತೆ ಕೆಲವೇ ಮನೆಗಳನ್ನು ಆರಿಸಿ ಕೇಳುವ ಇಂಥ ಮಾದರಿ ಸಮೀಕ್ಷೆಯಿಂದ ತಾಲ್ಲೂಕಿನ ಚಿತ್ರ ತೆಗೆಯಲು ಹೋಗಲೇಬೇಡಿ.

ನಮ್ಮ ಪ್ರಶ್ನೆಗೆ ಬೇಕಿರುವುದು ಯುಡೈಸ್ ಪ್ಲಸ್, ಅಂದರೆ ದೇಶದ ಶಾಲೆಗಳ ಮಾಹಿತಿಯನ್ನು ಪ್ರತಿ ವರ್ಷ ಸೇರಿಸಿಡುವ ಕೇಂದ್ರದ ವ್ಯವಸ್ಥೆ. ಪ್ರತಿ ಶಾಲೆಗೂ ಅಲ್ಲಿ 11 ಅಂಕಿಯ ಕೋಡ್ ಇದೆ. ಮೊದಲ ಎರಡು ಅಂಕಿ ರಾಜ್ಯದ್ದು, ಕರ್ನಾಟಕಕ್ಕೆ 29. ಆಮೇಲೆ ಎರಡು ಜಿಲ್ಲೆಗೆ, ಎರಡು ಬ್ಲಾಕಿಗೆ, ಮೂರು ಊರಿಗೆ, ಕೊನೆಯ ಎರಡು ಶಾಲೆಗೆ. ನೋಂದಾಯಿಸಿಕೊಂಡು ಇಳಿಸುವ ದೊಡ್ಡ ಕಡತಗಳಲ್ಲಿ ಶಾಲೆಯ ಗುರುತು ಮರೆಮಾಡಿರುತ್ತಾರೆ. ಹಾಗಾಗಿ ಒಟ್ಟು ಲೆಕ್ಕಕ್ಕೆ ಅದನ್ನು ಬಳಸಿ, ಒಂದೊಂದೇ ಶಾಲೆ ನೋಡಲು "ನೋ ಯುವರ್ ಸ್ಕೂಲ್" ಪುಟಕ್ಕೆ ಹೋಗಿ. ಇನ್ನೊಂದು ಮಾತು, ಇದು ಬಹಳ ಮುಖ್ಯ: 2022-23ರಿಂದ ಯುಡೈಸ್ ಪ್ರತಿ ವಿದ್ಯಾರ್ಥಿಯ ದಾಖಲೆಯನ್ನು ಪ್ರತ್ಯೇಕವಾಗಿ ತೆಗೆದುಕೊಳ್ಳಲು ಶುರು ಮಾಡಿತು. ಅದಕ್ಕೂ ಮೊದಲು ಶಾಲೆಯವರು ಒಟ್ಟು ಸಂಖ್ಯೆ ತುಂಬುತ್ತಿದ್ದರು. ಎರಡನ್ನೂ ಒಂದೇ ಗೆರೆಯಲ್ಲಿ ಎಳೆದು "ನೋಡಿ, ದಾಖಲಾತಿ ಕುಸಿದಿದೆ" ಅಂತ ಬರೆದರೆ ಎಣಿಸುವ ವಿಧಾನ ಬದಲಾಗಿದ್ದನ್ನೇ ಮಕ್ಕಳು ಶಾಲೆ ಬಿಟ್ಟಿದ್ದು ಅಂತ ಹೇಳಿದಂತೆ ಆಗುತ್ತದೆ.

ಈಗ ಜೋಡಿಸುವ ಕೆಲಸ. ಜಾಸ್ತಿ ಜನ ಎಡವುವುದು ಇಲ್ಲೇ. ಹೆಸರು ನೋಡಿ ಜೋಡಿಸಬೇಡಿ, ಕೋಡ್ ನೋಡಿ ಜೋಡಿಸಿ. 2011ರ ಜನಗಣತಿಯಲ್ಲಿ ರಾಜ್ಯಕ್ಕೆ 30 ಜಿಲ್ಲೆ. ಬಳ್ಳಾರಿಯಿಂದ ವಿಜಯನಗರ ಬೇರೆಯಾಗಿದ್ದು 2021ರಲ್ಲಿ, ಅಲ್ಲಿಗೆ 31. ಹಳೆಯ ಕಡತದಲ್ಲಿ ಬಿಜಾಪುರ ಅಂತ ಇರುವುದು 2014ರ ನಂತರ ವಿಜಯಪುರ, ಇದನ್ನೂ ವಿಜಯನಗರವನ್ನೂ ಒಂದೇ ಅಂದುಕೊಂಡವರ ಪಟ್ಟಿ ಪೂರ್ತಿ ಕೆಟ್ಟುಹೋಗುತ್ತದೆ. ಅದೂ ಸಾಲದು ಅಂತ, ಶಿಕ್ಷಣ ಇಲಾಖೆಗೆ ತನ್ನದೇ ಜಿಲ್ಲೆಗಳಿವೆ: ಚಿಕ್ಕೋಡಿ, ಶಿರಸಿ, ಮಧುಗಿರಿ ಇವೆಲ್ಲ ಶೈಕ್ಷಣಿಕ ಜಿಲ್ಲೆಗಳು, ಕಂದಾಯ ಜಿಲ್ಲೆಗಳಲ್ಲ. ಬಿಇಓ (ಕ್ಷೇತ್ರ ಶಿಕ್ಷಣಾಧಿಕಾರಿ) ಬ್ಲಾಕಿನ ಗಡಿಯೂ ತಹಶೀಲ್ದಾರರ ತಾಲ್ಲೂಕಿನ ಗಡಿಯೂ ಎಲ್ಲ ಕಡೆ ಒಂದೇ ಇರುವುದಿಲ್ಲ. ಪಂಚಾಯತಿ ರಾಜ್ ಸಚಿವಾಲಯದ ಲೋಕಲ್ ಗವರ್ನಮೆಂಟ್ ಡೈರೆಕ್ಟರಿಯಲ್ಲಿ ಊರು, ಪಂಚಾಯಿತಿ, ತಾಲ್ಲೂಕುಗಳ ಕೋಡ್ ಸಿಗುತ್ತದೆ. ಮೊದಲು ಅದನ್ನು ಇಳಿಸಿಕೊಂಡು ಪಕ್ಕದಲ್ಲಿಟ್ಟುಕೊಳ್ಳಿ. ಎಕ್ಸೆಲ್‌ನಲ್ಲಿ ತೆರೆಯುವಾಗ ಕೋಡ್ ಇರುವ ಕಾಲಂ ಅನ್ನು ಟೆಕ್ಸ್ಟ್ ಅಂತಲೇ ಆಯ್ಕೆ ಮಾಡಿ, ಇಲ್ಲದಿದ್ದರೆ ಮುಂದಿರುವ ಸೊನ್ನೆ ಹಾರಿಹೋಗುತ್ತದೆ, ಉದ್ದದ ಸಂಖ್ಯೆ 2.9 ಅಂತ ಏನೋ ಆಗಿ ಕೂರುತ್ತದೆ, ಹಾಗೇ ಸೇವ್ ಮಾಡಿದರೆ ಮುಗಿಯಿತು.

ಇಷ್ಟಾದರೂ ಸಿಗದಿದ್ದರೆ ಮಾಹಿತಿ ಹಕ್ಕು ಇದೆ. 2005ರ ಈ ಕಾಯ್ದೆಯ ಬಲ ಗೊತ್ತಿದ್ದರೂ ಅರ್ಜಿ ಬರೆಯುವ ರೀತಿ ಗೊತ್ತಿಲ್ಲದೆ ಎಷ್ಟೋ ಒಳ್ಳೆಯ ಪ್ರಶ್ನೆಗಳು ಬಿದ್ದುಹೋಗುತ್ತವೆ. ಇಲಾಖೆಯ ವೆಬ್‌ಸೈಟಿನಲ್ಲಿ 4(1)(ಎ) ಅಂತ ಒಂದು ಪಟ್ಟಿ ಇರುತ್ತದೆ. ಅದು ಆ ಕಚೇರಿಯಲ್ಲಿರುವ ಕಡತಗಳ ಸೂಚಿ. ಮೊದಲು ಅದನ್ನು ಓದಿ, ಕಡತದ ಹೆಸರನ್ನೇ ಎತ್ತಿ ಬರೆಯಿರಿ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ, ಶುಲ್ಕ 10 ರೂಪಾಯಿ. ಆನ್‌ಲೈನ್‌ನಲ್ಲೂ ಹಾಕಬಹುದು. ಏಕೆ ಬೇಕು ಅಂತ ಕಾರಣ ಕೊಡಬೇಕಿಲ್ಲ. ನಮ್ಮ ಪ್ರಶ್ನೆಗೆ ಬಿಇಓ ಕಚೇರಿಯ ಮಾಹಿತಿ ಅಧಿಕಾರಿಗೆ ಹೀಗೆ ಬರೆಯಬಹುದು (ಎಸ್‌ಎಟಿಎಸ್ ಅಂದರೆ ರಾಜ್ಯದ ಶಿಕ್ಷಣ ಇಲಾಖೆ ಪ್ರತಿ ವಿದ್ಯಾರ್ಥಿಯ ದಾಖಲೆ ಇಡುವ ತಂತ್ರಾಂಶ):

"2023-24 ಮತ್ತು 2024-25ನೇ ಸಾಲಿನಲ್ಲಿ ತಮ್ಮ ಬ್ಲಾಕಿನ ಪ್ರತಿ ಶಾಲೆಯಲ್ಲಿ 8 ಮತ್ತು 9ನೇ ತರಗತಿಗೆ ದಾಖಲಾದ ಬಾಲಕಿಯರ ಸಂಖ್ಯೆಯನ್ನು, ಶಾಲೆಯ ಯುಡೈಸ್ ಕೋಡ್ ಸಹಿತ, ಎಸ್‌ಎಟಿಎಸ್ ವರದಿಯಲ್ಲಿ ಇರುವಂತೆ ಎಕ್ಸೆಲ್ ರೂಪದಲ್ಲಿ ಒದಗಿಸಿ."

"ಏಕೆ ಕಡಿಮೆಯಾಗಿದೆ" ಅಂತ ಕೇಳಬೇಡಿ, ಇಲ್ಲದ ದಾಖಲೆಯನ್ನು ಸೃಷ್ಟಿಸಿ ಕೊಡುವ ಹೊಣೆ ಅವರಿಗಿಲ್ಲ. ಕಂಪ್ಯೂಟರಿನಲ್ಲಿ ಇರುವುದನ್ನು ಕಂಪ್ಯೂಟರ್ ರೂಪದಲ್ಲೇ ಕೇಳುವ ಹಕ್ಕು ಕಾಯ್ದೆಯಲ್ಲೇ ಇದೆ, ಅದನ್ನು ಬಿಡಬೇಡಿ. 30 ದಿನದಲ್ಲಿ ಉತ್ತರ ಬರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ, ಅಲ್ಲೂ ಆಗದಿದ್ದರೆ 90 ದಿನದೊಳಗೆ ಮಾಹಿತಿ ಆಯೋಗಕ್ಕೆ.

ಬಂದಿದ್ದು ಪಿಡಿಎಫ್ ಆಗಿದ್ದರೆ ಟ್ಯಾಬುಲಾ ಅನ್ನುವ ಉಚಿತ ತಂತ್ರಾಂಶ ಕೋಷ್ಟಕಗಳನ್ನು ಹೊರತೆಗೆದು ಕೊಡುತ್ತದೆ, ಸ್ಕ್ಯಾನ್ ಮಾಡಿದ ಚಿತ್ರವಾಗಿದ್ದರೆ ಆಗದು. ಹಳೆಯ ನುಡಿ ಫಾಂಟಿನ ಕಡತದಿಂದ ಕಾಪಿ ಮಾಡಿದರೆ ಅರ್ಥವಿಲ್ಲದ ಅಕ್ಷರಗಳು ಬರುತ್ತವೆ. ಗಾಬರಿ ಬೇಡ, ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳಿವೆ.

ಉತ್ತರ ಓದುವಾಗ ಸ್ವಲ್ಪ ತಾಳ್ಮೆ ಇರಲಿ. ಎಂಟರಲ್ಲಿ ಇದ್ದು ಒಂಬತ್ತರಲ್ಲಿ ಕಾಣದ ಹುಡುಗಿ ಪಕ್ಕದ ತಾಲ್ಲೂಕಿನ ಮೊರಾರ್ಜಿ ದೇಸಾಯಿ ವಸತಿ ಶಾಲೆಯಲ್ಲಿ ಓದುತ್ತಿರಬಹುದು ಅಲ್ವಾ? ಪಕ್ಕದ ಬ್ಲಾಕುಗಳ ಲೆಕ್ಕವನ್ನೂ ಕೇಳದೆ "ಶಾಲೆ ಬಿಟ್ಟವರು" ಅಂತ ಹಣೆಪಟ್ಟಿ ಹಚ್ಚಬಾರದು.

ಇಷ್ಟೆಲ್ಲ ಕಷ್ಟಪಟ್ಟು ಶುದ್ಧ ಮಾಡಿದ ಕಡತವನ್ನು ನಿಮ್ಮ ಲ್ಯಾಪ್‌ಟಾಪಿನಲ್ಲೇ ಇಟ್ಟುಕೊಂಡರೆ ಮುಂದಿನವರು ಮತ್ತೆ ಮೊದಲಿನಿಂದ ಶುರು ಮಾಡಬೇಕು. ದಯವಿಟ್ಟು ಹಂಚಿ. ಸಿಎಸ್‌ವಿ ರೂಪದಲ್ಲಿ (ಯಾವ ತಂತ್ರಾಂಶದಲ್ಲೂ ತೆರೆಯುವ ಸರಳ ಕೋಷ್ಟಕ ಕಡತ), ಯೂನಿಕೋಡ್‌ನಲ್ಲಿ ಇಡಿ. ಜೊತೆಗೆ ಒಂದು ಪುಟದ ಟಿಪ್ಪಣಿ: ಎಲ್ಲಿಂದ ತಂದಿರಿ, ಯಾವ ದಿನ ಇಳಿಸಿದಿರಿ, ಯಾವ ಸಾಲು ತೆಗೆದಿರಿ, ಪ್ರತಿ ಕಾಲಂಗೆ ಅರ್ಥ ಏನು. ಮೂಲ ಕಡತವನ್ನು ಮುಟ್ಟದೆ ಹಾಗೇ ಪಕ್ಕದಲ್ಲಿ ಇಡಿ. ಕೇಂದ್ರದ ಡೇಟಾ ತಾಣದಲ್ಲಿ ಪರವಾನಗಿಯೊಂದಿಗೆ ಪ್ರಕಟವಾದದ್ದನ್ನು ಮೂಲ ಹೆಸರಿಸಿ ಮತ್ತೆ ಬಳಸಬಹುದು, ಬೇರೆ ಕಡೆಯದಾದರೆ ಷರತ್ತು ಓದಿಕೊಳ್ಳಿ. ಮಕ್ಕಳ ಹೆಸರು, ಆಧಾರ್, ಫೋನ್ ಯಾವುದೂ ಹೊರಗೆ ಹೋಗಬಾರದು. ಹೆಸರು ತೆಗೆದರೆ ಸಾಕು ಅಂದುಕೊಳ್ಳಬೇಡಿ, ಒಂದು ಚಿಕ್ಕ ಊರಿನ ಶಾಲೆಯಲ್ಲಿ ಒಂದು ಜಾತಿಯ ಇಬ್ಬರೇ ಹುಡುಗಿಯರಿದ್ದರೆ ಅವರು ಯಾರು ಅಂತ ಊರಿಗೆಲ್ಲ ಗೊತ್ತು. ಅಂಥ ಕಡೆ ಸಂಖ್ಯೆಯನ್ನು "5ಕ್ಕಿಂತ ಕಡಿಮೆ" ಅಂತ ಬರೆಯಿರಿ, ಇಲ್ಲವೇ ಹೋಬಳಿ ಮಟ್ಟಕ್ಕೆ ಸೇರಿಸಿ.

ಒಂದು ಪ್ರತಿಯನ್ನು ಬಿಇಓ ಕಚೇರಿಗೂ ಆಯಾ ಶಾಲೆಯ ಎಸ್‌ಡಿಎಂಸಿಗೂ (ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಕೊಡಿ. ತಪ್ಪು ಸಂಖ್ಯೆ ಕಂಡರೆ ಮುಖ್ಯೋಪಾಧ್ಯಾಯರಿಗೆ ನೇರವಾಗಿ ಹೇಳಿ, ಮುಂದಿನ ವರ್ಷದ ಯುಡೈಸ್ ತುಂಬುವಾಗ ಅವರೇ ಸರಿ ಮಾಡುತ್ತಾರೆ.