ಹಳೇ ಫ್ರೆಂಚ್ ಸಿಲ್ವರ್ ಪ್ಲೇಟೆಡ್ ಚಮಚಗಳು ಮತ್ತು ಚಾಕು ಇಡೋ ಪುಟ್ಟ ಪ್ರಾಣಿಗಳು: ನಾನು ಆರಿಸೋ ರೀತಿ

ಹಳೇ ಫ್ರೆಂಚ್ ಸಿಲ್ವರ್ ಪ್ಲೇಟೆಡ್ ಸಾಮಾನು, ಅಂದ್ರೆ ಬೇರೆ ಲೋಹದ ಮೇಲೆ ಬೆಳ್ಳಿ ಲೇಪಿಸಿದ ಚಮಚ ಫೋರ್ಕು ಇತ್ಯಾದಿ, ಕೂಡಿಸ್ಬೇಕು ಅಂತ ಯಾರಾದ್ರೂ ಕೇಳಿದ್ರೆ ನಾನು ಮೊದಲು ಹೇಳೋದು, ಕೈಗೆ ತಗೊಂಡ ತಕ್ಷಣ ತಿರುಗಿಸಿ ಬೆನ್ನು ನೋಡಿ. ಹೊಳಪನ್ನ ಯಾರು ಬೇಕಾದ್ರೂ ಅರ್ಧ ಗಂಟೇಲಿ ತರಿಸ್ತಾರೆ, ಬೆನ್ನಲ್ಲಿ ಇರೋದನ್ನ ಬದಲಾಯಿಸೋದು ಕಷ್ಟ. ಪ್ಯಾರಿಸ್‌ಗೆ ಕೆಲಸಕ್ಕೆ ಅಂತ ಬಂದ್ಮೇಲೆ ನಂಗೆ ಹತ್ತಿದ ಆಸೆ ಇದು, ವೀಕೆಂಡ್ ಬಂದ್ರೆ ವಾನ್ವ್‌ನ ಹಳೇ ಸಾಮಾನಿನ ಸಂತೆಗೆ ಬೆಳಿಗ್ಗೆನೇ ಹೋಗ್ತೀನಿ, ಸ್ಯಾಂತ್-ಉವಾನ್ ಸಂತೇಲಿ ಮಾಲು ಚೆನ್ನಾಗಿರತ್ತೆ ಆದ್ರೆ ರೇಟು ಜಾಸ್ತಿ, ಇನ್ನು ಊರೂರಲ್ಲಿ ಜನ ಮನೆ ಅಟ್ಟ ಖಾಲಿ ಮಾಡಿ ರಸ್ತೇಲಿ ಹರಡಿಕೊಂಡು ಕೂರ್ತಾರಲ್ಲ, ವೀದ್-ಗ್ರೆನಿಯೆ ಅಂತಾರೆ, ಅಲ್ಲಿ ಅಜ್ಜಿ ಕಾಲದ ಡಬ್ಬಿ ಡಬ್ಬಿ ಚಮಚ ಸಿಗ್ತಾವೆ.

ಬೆನ್ನಲ್ಲಿ ಏನು ನೋಡ್ಬೇಕು ಅಂದ್ರೆ ಮೊದಲು ಮುದ್ರೆ. ಫ್ರಾನ್ಸಲ್ಲಿ ಗಟ್ಟಿ ಬೆಳ್ಳಿ ಮಾಡೋನ ಮುದ್ರೆ ವಜ್ರಾಕಾರದಲ್ಲಿರತ್ತೆ, ಅದರ ಜೊತೆಗೆ 1838ರಿಂದ ಮಿನರ್ವಾ ದೇವಿಯ ತಲೆ ಒತ್ತಿರ್ತಾರೆ. ಪ್ಲೇಟೆಡ್ ಆದ್ರೆ ಮುದ್ರೆ ಚೌಕ. ಇಷ್ಟು ಗೊತ್ತಿದ್ರೆ ಸಾಕು, ಯಾರಾದ್ರೂ ಚೌಕ ಮುದ್ರೆ ತೋರಿಸಿ ಅಪ್ಪಟ ಬೆಳ್ಳಿ ಅಂದ್ರೆ ನಗ್ತಾ ಕೆಳಗಿಟ್ಟು ಮುಂದೆ ಹೋಗಬಹುದು. ಆಮೇಲೆ ಕಂಪನಿ ಗುರುತು. ಕ್ರಿಸ್ತೋಫ್ಲ್ ಶುರುವಾಗಿದ್ದು 1830ರಲ್ಲಿ, 1842ರಲ್ಲಿ ಶಾರ್ಲ್ ಕ್ರಿಸ್ತೋಫ್ಲ್ ಕರೆಂಟ್ ಹರಿಸಿ ಬೆಳ್ಳಿ ಲೇಪಿಸೋ ವಿಧಾನದ ಪೇಟೆಂಟ್ ಹಕ್ಕು ತಗೊಂಡ, ಅಲ್ಲಿಂದ ಮುಂದೆ ಮಧ್ಯಮ ವರ್ಗದ ಮನೆ ಟೇಬಲ್‌ಗೂ ಬೆಳ್ಳಿ ಬಂತು. ಅವರ ಹಳೇ ಮುದ್ರೇಲಿ ತಕ್ಕಡಿ ಇರತ್ತೆ, 1935ರಿಂದ ಈಚೆಗೆ ಚೆಸ್ ಆಟದ ಕುದುರೆ, ಹಾಗಾಗಿ ಕುದುರೆ ಕಂಡ್ರೆ ಎಷ್ಟು ಹಳೇದು ಅಂತ ಒಂದು ಅಂದಾಜು ಸಿಕ್ಕಿಬಿಡತ್ತೆ. ಎರ್ಕ್ವಿ ಅಂತ ಇನ್ನೊಂದು, 1867ರಲ್ಲಿ ಅದೇ ಹೆಸರಿನ ಹಳ್ಳೀಲಿ ಒಬ್ಬ ಪಾದ್ರಿ ಶುರು ಮಾಡಿದ್ದು, ಅವರದ್ದು ಅರ್ಧ ಮನುಷ್ಯ ಅರ್ಧ ಕುದುರೆ ಗುರುತು.

ನಂಗೆ ತುಂಬಾ ಇಷ್ಟವಾದ ಗುರುತು 84 ಅನ್ನೋ ಸಂಖ್ಯೆ. ತುಂಬಾ ಜನ ಇದನ್ನ ಶೇಕಡಾ 84 ಬೆಳ್ಳಿ ಅಂದ್ಕೋತಾರೆ, ಹಾಗಲ್ಲ, 12 ದೊಡ್ಡ ಚಮಚ ಮತ್ತು 12 ಫೋರ್ಕ್ ಸೇರಿ ಒಟ್ಟು 84 ಗ್ರಾಂ ಬೆಳ್ಳಿ ಲೇಪಿಸಿದೀವಿ ಅನ್ನೋ ಲೆಕ್ಕ ಅದು, ಅಂದ್ರೆ ಒಂದೊಂದಕ್ಕೆ ಮೂರೂವರೆ ಗ್ರಾಂ. ಲೇಪನಕ್ಕೆ ಇದು ಒಳ್ಳೆ ದಪ್ಪ, ಅದಕ್ಕೇ ಎರಡು ಮೂರು ತಲೆಮಾರು ಉಂಡ ಚಮಚಗಳು ಇವತ್ತಿಗೂ ಬೆಳ್ಳಗಿವೆ. ಈಚಿನ ಸಾಮಾನಿನ ಮುದ್ರೇಲಿ ರೋಮನ್ ಒಂದು ಅಥವಾ ಎರಡು ಇರತ್ತೆ, ಒಂದು ಅಂದ್ರೆ ದಪ್ಪ ಲೇಪನ, ನಾನು ಅದನ್ನೇ ಹುಡುಕ್ತೀನಿ.

ಮುದ್ರೆ ಆದ್ಮೇಲೆ ಸವೆತ. ಚಮಚ ಅಂಗಾತ ಇಟ್ಟಾಗ ಟೇಬಲ್‌ಗೆ ತಾಗೋ ಜಾಗ ಇರತ್ತಲ್ಲ, ಮೊದಲು ಸವೆಯೋದು ಅಲ್ಲೇ, ಆಮೇಲೆ ಫೋರ್ಕಿನ ಹಲ್ಲಿನ ತುದಿ. ಅಲ್ಲಿ ಹಳದಿ ಕಂಡ್ರೆ ಒಳಗಡೆ ಹಿತ್ತಾಳೆ, ತುಸು ಬೂದು ಬಣ್ಣ ಕಂಡ್ರೆ ನಮ್ಮಲ್ಲಿ ಪೂಜೆ ಸಾಮಾನು ಮಾಡೋ ಅದೇ ಜರ್ಮನ್ ಸಿಲ್ವರ್, ತಾಮ್ರ ಸತು ನಿಕಲ್ ಬೆರೆಸಿದ್ದು. ಜರ್ಮನ್ ಸಿಲ್ವರ್ ಮೇಲಿನ ಸವೆತ ಕಣ್ಣಿಗೆ ಅಷ್ಟು ಹೊಡೆಯಲ್ಲ, ಹಿತ್ತಾಳೆದಾದ್ರೆ ನಾನು ಬಿಟ್ಟುಬಿಡ್ತೀನಿ, ಮತ್ತೆ ಲೇಪನ ಮಾಡಿಸೋ ಖರ್ಚಿಗೆ ಇನ್ನೊಂದು ಒಳ್ಳೆ ಚಮಚಾನೇ ಬರತ್ತೆ. ಹೆಸರಿನ ಅಕ್ಷರ ಕೆತ್ತಿರೋದನ್ನ ಕೆಲವರು ಬೇಡ ಅಂತಾರೆ, ನಂಗೆ ಅವೇ ಬೇಕು. ಫ್ರೆಂಚರು ಫೋರ್ಕನ್ನ ಹಲ್ಲು ಕೆಳಗೆ ಮಾಡಿ ಇಡೋದು, ಅದಕ್ಕೆ ಅಕ್ಷರ ಕೂಡ ಹಿಂಬದೀಲೇ ಕೆತ್ತಿಸ್ತಿದ್ರು, ಯಾವುದೋ ಮದುವೇಲಿ ಕೊಟ್ಟ ಸೆಟ್ಟು ಅದು, ಅದನ್ನ ಉಜ್ಜಿ ಅಳಿಸೋದು ನಂಗೆ ಸರಿ ಅನ್ಸಲ್ಲ.

ಇನ್ನು ಪ್ರಾಣಿಗಳು. ಊಟದ ಮಧ್ಯೆ ಚಾಕು ಟೇಬಲ್ ಬಟ್ಟೆಗೆ ತಾಗದ ಹಾಗೆ ಇಡಕ್ಕೆ ಪುಟ್ಟ ಆಧಾರ ಇರತ್ತೆ, ಪೋರ್ತ್-ಕುತೋ ಅಂತ, ಅದನ್ನ ಪ್ರಾಣಿ ರೂಪದಲ್ಲಿ ಮಾಡಿದ್ದು ಇವರ ಚಂದ. ಕ್ರಿಸ್ತೋಫ್ಲ್ ಅವರು ಗಾಲಿಯಾ ಅನ್ನೋ ಹೆಸರಲ್ಲಿ ಮಾರ್ತಿದ್ದ ಮಾಲಿನಲ್ಲಿ ಎದುವಾರ್-ಮಾರ್ಸೆಲ್ ಸಾಂಡೋಜ್ ಮಾಡಿದ ಪ್ರಾಣಿಗಳಿವೆ, ಸ್ವಿಸ್ ಶಿಲ್ಪಿ, 1881ರಲ್ಲಿ ಹುಟ್ಟಿದವರು, ಔಷಧಿ ಕಂಪನಿ ಸಾಂಡೋಜ್ ಕಟ್ಟಿದವರ ಮಗ. ಅಪ್ಪನ ಕಾರ್ಖಾನೆ ಕಡೆ ಹೋಗದೆ ಪ್ರಾಣಿಗಳನ್ನ ನೋಡ್ತಾ ಕೆತ್ತುತ್ತಾ ಬದುಕಿದ ಮನುಷ್ಯ. ಚಾಕು ಕೂರ್ಬೇಕಲ್ಲ, ಅದಕ್ಕೆ ಪ್ರಾಣಿ ಮೈಯನ್ನ ಉದ್ದಕ್ಕೆ ಎಳೆದು ಬೆನ್ನನ್ನ ಸಪಾಟು ಮಾಡಿರ್ತಾರೆ, ಆದ್ರೂ ಮೊಲ ಮೊಲದ ಹಾಗೇ ಇರತ್ತೆ, ಕಿವಿ ಹಿಂದಕ್ಕೆ ಮಲಗಿಸಿಕೊಂಡು ಹೊರಟ ಹಾಗೆ. ಇದರ ನಕಲು ಬೇಜಾನ್ ಓಡಾಡ್ತಾವೆ, ಅದಕ್ಕೆ ಹೊಟ್ಟೆ ಕೆಳಗೆ ಗಾಲಿಯಾ ಮುದ್ರೆ ಹುಡುಕಿ, ಅಂಚುಗಳನ್ನ ಬೆರಳಲ್ಲಿ ಸವರಿ, ಮೂತಿ ಕಿವಿ ಗೆರೆ ಮೊಂಡಾಗಿದ್ರೆ ನಾನು ತಗೊಳ್ಳಲ್ಲ. ಪೂರ್ತಿ ಸೆಟ್ಟಿಗೆ ಕಾಯದೆ ಬಿಡಿ ಬಿಡಿಯಾಗಿ ತಗೊಂಡ್ರೆ ಒಂದೊಂದನ್ನೂ ಸರಿಯಾಗಿ ನೋಡಿದ ಹಾಗಾಗತ್ತೆ.

ತೊಳೆಯೋದು ಸುಲಭ. ಟೂತ್‌ಪೇಸ್ಟ್, ಹುಣಸೆಹಣ್ಣು, ಬೂದಿ ಯಾವುದೂ ಬೇಡ, ಲೇಪನ ಕಿತ್ತು ಬರತ್ತೆ. ಇಲ್ಲಿ ಸಿಗೋ ಸೀಮೆಸುಣ್ಣದ ನುಣ್ಣನೆ ಪುಡಿ, ಬ್ಲಾಂ ದ ಮೆದೋಂ, ಸ್ವಲ್ಪ ಸ್ಪಿರಿಟ್‌ನಲ್ಲಿ ಕಲಸಿ ಮೆತ್ತನೆ ಬಟ್ಟೇಲಿ ಒರೆಸ್ತೀನಿ. ಮೊಟ್ಟೆ ತಿಂದ ಚಮಚ ಕಪ್ಪಾಗತ್ತೆ, ಉಪ್ಪು ಗುಳಿ ಬೀಳಿಸತ್ತೆ, ಅದಕ್ಕೆ ಊಟ ಆದ ಕೂಡಲೇ ತೊಳೆದು ಒರೆಸಿ ಇಡ್ಬೇಕು, ರಬ್ಬರ್ ಬ್ಯಾಂಡ್ ಹಾಕಿ ಕಟ್ಟಲೇಬಾರದು. ಹಳೇ ಚಾಕುಗಳನ್ನ ಬಿಸಿ ನೀರಲ್ಲಿ ನೆನೆಸಿದ್ರೆ ಹಿಡಿಯೊಳಗಿನ ಅಂಟು ಸಡಿಲ ಆಗತ್ತೆ. ಇಷ್ಟು ನೋಡ್ಕೊಂಡ್ರೆ ದಿನಾ ಬಳಸಬಹುದು, ನಮ್ಮನೇಲಿ ಮೊಸರನ್ನಕ್ಕೂ ಅದೇ ಚಮಚ, ದಿನಾ ಕೈಗೆ ಬಂದ್ರೆ ಕಪ್ಪಾಗೋದೂ ಕಮ್ಮಿ.