ಬಂಡೂರು ಕುರಿ ಸಾಕುವವರು ಟಗರಿನ ಲೆಕ್ಕ ಇಡುವುದು ಹೇಗೆ?

ಹಿಂಡು ಎಷ್ಟು ದೊಡ್ಡದು ಅಂತ ಕೇಳಿದರೆ ನಮ್ಮ ಮಳವಳ್ಳಿ ಕಡೆ ಎಲ್ಲರೂ ತಲೆ ಎಣಿಸಿ ಹೇಳುತ್ತಾರೆ. ನಾನು ಮೊದಲು ಕೇಳುವುದು, ಬೀಜದ ಟಗರು ಎಷ್ಟಿವೆ ಅಂತ. ಮಾನಸಗಂಗೋತ್ರಿಯಲ್ಲಿ ತಳಿಶಾಸ್ತ್ರ ಓದಿ, ಸೇರಿದ ಮನೆಯಲ್ಲಿ ಬಂಡೂರು ಕುರಿ ನೋಡಿಕೊಳ್ಳುತ್ತಿರುವವಳು ನಾನು. ಇದನ್ನು ಎಲ್ಲ ಸಾಕಣೆದಾರರೂ ತಿಳಿಯಲೇಬೇಕು.

ಟಗರಿನ ಸಂಖ್ಯೆಯನ್ನು ಹೆಣ್ಣು ಕುರಿಗಳ ಸಂಖ್ಯೆಯಿಂದ ಗುಣಿಸಿ, ಮತ್ತೆ 4ರಿಂದ ಗುಣಿಸಿ, ಟಗರು-ಕುರಿ ಎರಡನ್ನೂ ಕೂಡಿಸಿದ ಮೊತ್ತದಿಂದ ಭಾಗಿಸಿ. ಇದು ಅಮೆರಿಕದ ತಳಿವಿಜ್ಞಾನಿ ಸೀವಾಲ್ ರೈಟ್ 1931ರಲ್ಲಿ ಕೊಟ್ಟ ಸೂತ್ರ. ಬರುವುದು ಹಿಂಡಿನ ಪರಿಣಾಮಕಾರಿ ಸಂಖ್ಯೆ, ಅಂದರೆ ತಳಿಯ ಲೆಕ್ಕದಲ್ಲಿ ಹಿಂಡು ನಿಜಕ್ಕೂ ಎಷ್ಟು ದೊಡ್ಡದು ಅನ್ನುವುದು. 40 ಕುರಿಗೆ ಒಂದೇ ಟಗರು ಬಿಟ್ಟರೆ 160ನ್ನು 41ರಿಂದ ಭಾಗಿಸಬೇಕು: 4ಕ್ಕೂ ಕಡಿಮೆ. ಕುರಿ 200 ಮಾಡಿದರೂ 4 ದಾಟುವುದಿಲ್ಲ! ಹುಟ್ಟುವ ಪ್ರತಿ ಮರಿಯ ಅರ್ಧ ಜೀನುಗಳು ಆ ಒಂದೇ ಟಗರಿನವು ತಾನೇ. ಈಗ 1ನ್ನು ಈ ಸಂಖ್ಯೆಯ ಎರಡರಷ್ಟರಿಂದ ಭಾಗಿಸಿ. ತಲೆಮಾರಿಗೆ ಸುಮಾರು ಶೇ. 13ರಷ್ಟು ಒಳಸಂಬಂಧ (ರಕ್ತಸಂಬಂಧಿಗಳೇ ಕೂಡಿ ಮರಿಯಾಗುವುದು) ಏರುತ್ತದೆ ಎಂದು ಗೊತ್ತಾಗುತ್ತದೆ. ಅದೇ 40 ಕುರಿಗೆ 3 ಟಗರು ಇದ್ದರೆ ಶೇ. 4.5 ಅಷ್ಟೆ. ಒಳಸಂಬಂಧ ಏರಿದಂತೆ ಮರಿ ಹಗುರವಾಗಿ ಹುಟ್ಟುತ್ತದೆ, ಸಾಯುವುದು ಹೆಚ್ಚುತ್ತದೆ, ಕುರಿ ಗಬ್ಬ ನಿಲ್ಲುವುದು ಕಡಿಮೆಯಾಗುತ್ತದೆ.

ಸಣ್ಣ ಹಿಂಡಿನಲ್ಲಿ ಇನ್ನೊಂದು ನಷ್ಟವೂ ಇದೆ. ನಮ್ಮ ಬಹಳಷ್ಟು ಕುರಿಗಳ ಕೊರಳಲ್ಲಿ ಜೋಡಿ ಮೊಲೆ ಜೋತಾಡುತ್ತವಲ್ಲ, ಅಂಥ ಗುಣ ಯಾವ ದೋಷವೂ ಇಲ್ಲದೆ, ಬರೀ ಆಕಸ್ಮಿಕವಾಗಿ ಕೆಲವೇ ತಲೆಮಾರಿನಲ್ಲಿ ಅಳಿಸಿಹೋಗಬಹುದು. ಇದೇ ಜೆನೆಟಿಕ್ ಡ್ರಿಫ್ಟ್. ಕಣ್ಣಿಗೆ ಕಾಣದ ರೋಗನಿರೋಧಕ ಜೀನುಗಳೂ ಹೀಗೇ ಕಳೆದುಹೋಗುತ್ತವೆ, ನನಗೆ ಭಯ ಅದರದ್ದು.

ನಾವು ಮಾಡುವುದು ಹೀಗೆ. ಹೆಣ್ಣು ಕುರಿಗಳನ್ನು ಕೆಂಪು, ಹಸಿರು, ನೀಲಿ ಕಿವಿಯೋಲೆ ಹಾಕಿ ಮೂರು ಗುಂಪು ಮಾಡಿ. ಮರಿಗೆ ತಾಯಿಯದೇ ಬಣ್ಣ. ಹೆಣ್ಣುಮರಿ ಅದೇ ಗುಂಪಿನಲ್ಲಿ ಉಳಿಯಲಿ. ಕೆಂಪಲ್ಲಿ ಹುಟ್ಟಿದ ಟಗರು ಹಸಿರಿಗೆ, ಹಸಿರಿನದು ನೀಲಿಗೆ, ನೀಲಿಯದು ಕೆಂಪಿಗೆ ಮಾತ್ರ ಹೋಗಬೇಕು. ಮಗಳು ಬೆದೆಗೆ ಬರುವ ಮುಂಚೆ ಅಪ್ಪನನ್ನು ಆ ಗುಂಪಿನಿಂದ ತೆಗೆದುಬಿಡಿ. ಅಪ್ಪ-ಮಗಳ ಮರಿಯಲ್ಲಿ ಒಳಸಂಬಂಧ ಒಂದೇ ಸಲಕ್ಕೆ ಶೇ. 25. ಗಂಡುಮರಿಗಳನ್ನು ನಾಲ್ಕು ತಿಂಗಳಾಗುವ ಹೊತ್ತಿಗೆ ಬೇರೆ ಕಟ್ಟಿ. ಯಾವ ಮರಿಗೆ ಯಾವ ಟಗರು ಅಂತ ನೋಟ್‌ಬುಕ್ಕಿನಲ್ಲಿ ಅಂದೇ ಬರೆಯಿರಿ.

ಬಕ್ರೀದ್ ಬಂದಾಗ ಎಚ್ಚರ. ಚೆನ್ನಾಗಿ ಬೆಳೆದ ಗಂಡುಮರಿಗೇ ಮೊದಲು ಗಿರಾಕಿ, ಹಾಗಾಗಿ ಬೀಜಕ್ಕೆ ಉಳಿಯುವುದು ಸೊರಗಿದ್ದು. ಇದು ತಲೆಕೆಳಗಾದ ಆಯ್ಕೆ, ವರ್ಷ ವರ್ಷ ತಳಿಯನ್ನು ಕುಗ್ಗಿಸುತ್ತದೆ. ಮೂರು ತಿಂಗಳಿಗೆ ತೂಗಿ, ಹಿಂದಿನಿಂದ ನಿಂತು ನೋಡಿ: ಗಿಡ್ಡ ಕಾಲು, ಎರಡು ತೊಡೆಯ ನಡುವೆ ತಲೆಕೆಳಗಾದ 'ಯು' ಆಕಾರ ಇರುವ ಮರಿಯನ್ನು ಪ್ರತಿ ಬಣ್ಣದಿಂದ ಒಂದೊಂದು ಎತ್ತಿಟ್ಟು, ಆಮೇಲೆ ವ್ಯಾಪಾರಕ್ಕೆ ಕೂತುಕೊಳ್ಳಿ. ದುಡ್ಡಿನ ಆಸೆ ದೊಡ್ಡದು, ಗೊತ್ತು. ಆದರೂ ಕೊಡಬೇಡಿ.

'ಹತ್ತು ಕುರಿಗೆ ಮೂರು ಟಗರು ಸಾಕೋಕಾಗುತ್ತೇನವ್ವ?' ಅಂತ ನಮ್ಮ ಮಾವ ಕೇಳಿದ್ದರು. ಆಗುವುದಿಲ್ಲ. ಅದಕ್ಕೇ ಮೂರು ಮನೆಯವರು ಒಂದಾಗಿ, ಒಂದೊಂದು ಮನೆಗೆ ಒಂದು ಬಣ್ಣ ಹಂಚಿಕೊಳ್ಳಿ. ಟಗರು ಮನೆಯಿಂದ ಮನೆಗೆ ತಿರುಗಲಿ. ಜತೆಗೆ ಎರಡು-ಮೂರು ವರ್ಷಕ್ಕೊಮ್ಮೆ ದೂರದ ಊರಿನ ಬಂಡೂರು ಟಗರೊಂದನ್ನು ತನ್ನಿ. ದೊಡ್ಡ ಮೈಗೆ ಮರುಳಾಗಿ ಬೇರೆ ತಳಿಯದನ್ನು ಬಿಟ್ಟರೆ ಮೊದಲ ಸೂಲಿನ ಮರಿಗಳಲ್ಲೇ ಅರ್ಧ ಬಂಡೂರು ಹೋಯಿತು.