ಹಸಿ ಆಹಾರ ತಿನ್ನೋರು ಜಿಮ್‌ಗೆ ಮುಂಚೆ ಏನು ತಿನ್ನಬೇಕು? ಹಣ್ಣು ಮೊದಲು, ಕಾಳು ಆಮೇಲೆ

ರಾ ಫುಡ್ ಡಯಟ್ ಮಾಡ್ತಿರೋರು ವೇಟ್ ಟ್ರೈನಿಂಗ್ ಶುರು ಮಾಡಿದ ತಕ್ಷಣ ಕೈ ಹಾಕೋದು ಮೊಳಕೆ ಕಾಳಿಗೆ. ಪ್ರೋಟೀನ್ ಇದೆ, ಶಕ್ತಿ ಬರುತ್ತೆ ಅಂತ ಬೆಳಗ್ಗೆ ಎದ್ದು ಒಂದು ಬಟ್ಟಲು ಹೆಸರುಕಾಳು ಮೊಳಕೆ, ಅದ್ರ ಜೊತೆ ಒಂದು ಹಿಡಿ ಬಾದಾಮಿ ತಿಂದು, ಅರ್ಧ ಗಂಟೆಗೆಲ್ಲ ಸ್ಕ್ವಾಟ್ ಮಾಡೋಕೆ ನಿಂತ್ರೆ ಏನಾಗುತ್ತೆ ಅಂತ ಮಾಡಿದವರಿಗೆ ಗೊತ್ತಿರುತ್ತೆ. ಹೊಟ್ಟೆ ಉಬ್ಬಿರುತ್ತೆ, ಬೆಲ್ಟ್ ಬಿಗಿಯೋಕಾಗಲ್ಲ, ಎರಡನೇ ಸೆಟ್‌ಗೇ ತೇಗು ಶುರು, ಮೂರನೇದಕ್ಕೆ ಕೈಕಾಲಲ್ಲಿ ಬಲ ಇಲ್ಲ, ಕೊನೆಗೆ ಹಸಿ ತಿಂದ್ಕೊಂಡು ತೂಕ ಎತ್ತೋಕಾಗಲ್ಲ ಅಂತ ತೀರ್ಮಾನಕ್ಕೆ ಬಂದುಬಿಡ್ತಾರೆ. ಪಾಪ, ತಿಂದಿದ್ದು ಒಳ್ಳೇದೇ, ತಿಂದ ಹೊತ್ತು ಮಾತ್ರ ಸರಿಯಿಲ್ಲ.

ಭಾರ ಎತ್ತುವಾಗ ಸ್ನಾಯುಗಳು ಮುಖ್ಯವಾಗಿ ಬಳಸ್ಕೊಳ್ಳೋದು ಒಳಗೆ ಕೂಡಿಟ್ಟಿರೋ ಗ್ಲೈಕೋಜನ್‌ನ, ಅಂದ್ರೆ ನಾವು ತಿಂದ ಕಾರ್ಬ್ಸ್ (ಪಿಷ್ಟ, ಸಕ್ಕರೆ) ದೇಹದಲ್ಲಿ ಸಕ್ಕರೆ ರೂಪದಲ್ಲಿ ಶೇಖರ ಆಗಿರುತ್ತಲ್ಲ, ಅದನ್ನ. ಸರಿಯಾಗಿ ಒಂದು ಗಂಟೆ ವರ್ಕೌಟ್ ಮಾಡಿದ್ರೆ ಕೆಲಸ ಮಾಡಿದ ಸ್ನಾಯುವಿನಲ್ಲಿ ಅದು ಕಾಲು ಭಾಗ, ಕೆಲವು ಸಲ ಅದಕ್ಕಿಂತ ಜಾಸ್ತಿನೇ ಇಳಿಯುತ್ತೆ. ಬೇಯಿಸಿದ್ದು ತಿನ್ನೋರು ಇದನ್ನ ಇಡ್ಲಿ, ಅನ್ನ, ಚಪಾತಿಯಿಂದ ತುಂಬಿಸ್ಕೋತಾರೆ, ಯಾಕಂದ್ರೆ ಬೆಂದ ಪಿಷ್ಟ ಸಲೀಸಾಗಿ ಜೀರ್ಣ ಆಗುತ್ತೆ. ಬೇಯಿಸದ ಪಿಷ್ಟ ನಮ್ಮ ಹೊಟ್ಟೆಯ ಎಂಜೈಮ್‌ಗಳಿಗೆ ಅಷ್ಟು ಬೇಗ ಬಗ್ಗಲ್ಲ, ಸಾಕಷ್ಟು ಭಾಗ ಹಾಗೇ ದೊಡ್ಡ ಕರುಳಿಗೆ ಹೋಗಿ ಅಲ್ಲಿ ಬ್ಯಾಕ್ಟೀರಿಯಾಗೆ ಸಿಕ್ಕಿ ಗ್ಯಾಸ್ ಆಗುತ್ತೆ. ಹಾಗಾಗಿ ಹಸಿ ಆಹಾರದಲ್ಲಿ ಬೇಗ ಸಿಗೋ ಶಕ್ತಿ ಅಂದ್ರೆ ಕಳಿತ ಹಣ್ಣು, ಖರ್ಜೂರ, ಒಣದ್ರಾಕ್ಷಿ, ಜೇನುತುಪ್ಪ, ಕಬ್ಬಿನ ಹಾಲು, ಅಷ್ಟೇ. ಈ ಒಂದು ವಿಷಯ ತಲೇಲಿ ಕೂತ್ರೆ ಉಳಿದಿದ್ದೆಲ್ಲ ಸುಲಭ.

ಮೊದಲು ಮನೇಲಿರೋ ಡಬ್ಬಗಳನ್ನ ನೋಡಿ

ರಾ ಅಂದ್ರೆ ಸಾಮಾನ್ಯವಾಗಿ 42ರಿಂದ 48 ಡಿಗ್ರಿ ಸೆಲ್ಸಿಯಸ್‌ಗಿಂತ ಜಾಸ್ತಿ ಬಿಸಿ ಕಾಣದೇ ಇರೋದು ಅಂತ ಲೆಕ್ಕ. ಆ ಲೆಕ್ಕದಲ್ಲಿ ಅವಲಕ್ಕಿ ಬರಲ್ಲ, ಭತ್ತ ಬಿಸಿನೀರಲ್ಲಿ ನೆನೆಸಿ ಹುರಿದೇ ಕುಟ್ಟೋದು. ಓಟ್ಸ್ ಕೂಡ ಹಬೆಯಲ್ಲಿ ಬೇಯಿಸಿ ಚಪ್ಪಟೆ ಮಾಡಿರ್ತಾರೆ. ಹುರಿಗಡಲೆ ಹೆಸರಲ್ಲೇ ಇದೆ, ಬೆಲ್ಲ ಗಂಟೆಗಟ್ಟಲೆ ಕುದಿಸಿದ್ದು. ಜನ ಎಡವೋದು ಗೋಡಂಬಿಯಲ್ಲಿ, ಪ್ಯಾಕೆಟ್ ಮೇಲೆ ರಾ ಅಂತ ಬರೆದಿದ್ರೂ ಅದು ನಿಜವಾಗಿ ಹಸಿ ಅಲ್ಲ, ಗೋಡಂಬಿ ಸಿಪ್ಪೆಯಲ್ಲಿ ಚರ್ಮ ಸುಡೋ ಎಣ್ಣೆ ಇರೋದ್ರಿಂದ ಕರಾವಳಿಯ ಫ್ಯಾಕ್ಟರಿಗಳಲ್ಲಿ ಬೀಜವನ್ನ ಹಬೆಯಲ್ಲಿ ಬೇಯಿಸಿ ಇಲ್ಲಾ ಹುರಿದ ಮೇಲೇನೇ ಒಡೆಯೋದು. ಕಟ್ಟುನಿಟ್ಟಾಗಿ ಇರೋರು ಶೇಂಗಾ, ಬಾದಾಮಿ, ಕುಂಬಳಬೀಜ, ಎಳ್ಳು, ಹಸಿ ತೆಂಗಿನಕಾಯಿ ಇಟ್ಕೊಳಿ, ನಷ್ಟ ಏನೂ ಇಲ್ಲ. ಶೇಂಗಾದಲ್ಲಿ ಮುಗ್ಗಲು ವಾಸನೆ ಬಂದ್ರೆ, ಕಪ್ಪಾಗಿರೋ ಬೀಜ ಕಂಡ್ರೆ ಮುಲಾಜಿಲ್ಲದೆ ಬಿಸಾಕಿ, ಆ ಫಂಗಸ್‌ನಲ್ಲಿರೋ ಅಫ್ಲಾಟಾಕ್ಸಿನ್ ಲಿವರ್‌ಗೆ ಕೆಟ್ಟದ್ದು.

ವರ್ಕೌಟ್ ಟೈಮ್‌ನಿಂದ ಹಿಂದಕ್ಕೆ ಎಣಿಸಿ

ಸಂಜೆ 6ಕ್ಕೆ ಜಿಮ್ ಅಂದ್ರೆ ಮಧ್ಯಾಹ್ನ 3 ಗಂಟೆ ನಿಮ್ಮ ಮುಖ್ಯ ಹೊತ್ತು. ಮೂರು ಗಂಟೆ ಗ್ಯಾಪ್ ಇದ್ರೆ ಕಾಳು, ಬೀಜ, ತರಕಾರಿ ಎಲ್ಲ ತಿನ್ನಬಹುದು, ಹೊಟ್ಟೆಗೆ ಅದನ್ನ ಮುಂದೆ ತಳ್ಳೋಕೆ ಟೈಮ್ ಇರುತ್ತೆ. ದೇಹದ ತೂಕದ ಪ್ರತಿ ಕಿಲೋಗೆ 1 ಗ್ರಾಂ ಕಾರ್ಬ್ಸ್ ಇಟ್ಕೊಂಡ್ರೆ ಒಂದು ಗಂಟೆ ವೇಟ್ ಟ್ರೈನಿಂಗ್‌ಗೆ ಧಾರಾಳ ಆಯ್ತು. 70 ಕಿಲೋ ಇರೋರಿಗೆ 70 ಗ್ರಾಂ. ಮಧ್ಯಮ ಸೈಜಿನ ಪಚ್ಚಬಾಳೆ ಒಂದ್ರಲ್ಲಿ ಸುಮಾರು 27 ಗ್ರಾಂ ಕಾರ್ಬ್ಸ್, ಸಣ್ಣ ಖರ್ಜೂರ ಒಂದ್ರಲ್ಲಿ 5 ಗ್ರಾಂ, ಹಾಗಾಗಿ ಎರಡು ಬಾಳೆಹಣ್ಣು, ಮೂರು ಖರ್ಜೂರ ಆದ್ರೆ ಲೆಕ್ಕ ಸರಿಹೋಯ್ತು. ಏಲಕ್ಕಿ ಬಾಳೆ ಆದ್ರೆ ಎರಡು ತಿಂದ್ರೆ ಒಂದು ಪಚ್ಚಬಾಳೆ ಅಂದ್ಕೊಳಿ.

ಪ್ರೋಟೀನ್‌ಗೆ ನನ್ನ ಪ್ರಕಾರ ನಮ್ಮ ಹೆಸರುಬೇಳೆ ಕೋಸಂಬರಿಗಿಂತ ಒಳ್ಳೇದು ಇನ್ನೊಂದಿಲ್ಲ. 50 ಗ್ರಾಂ ಬೇಳೆ ತೊಳೆದು ಎರಡು ಗಂಟೆ ನೆನೆಹಾಕಿ, ನೀರು ಪೂರ್ತಿ ಬಸಿದು, ಸೌತೆಕಾಯಿ, ಸ್ವಲ್ಪ ಕಾಯಿತುರಿ, ಕೊತ್ತಂಬರಿ, ನಿಂಬೆಹಣ್ಣು, ಉಪ್ಪು. ಒಗ್ಗರಣೆ ಬೇಡ, ಅದು ಹಾಕಿದ್ರೆ ರಾ ಆಗಲ್ಲ. ಸಿಪ್ಪೆ ತೆಗೆದ ಬೇಳೆ ಆಗಿರೋದ್ರಿಂದ ಇಡೀ ಕಾಳಿನಷ್ಟು ನಾರು ಇರಲ್ಲ, ಹೊಟ್ಟೆ ಅಷ್ಟು ಗುಡುಗಲ್ಲ, ಅದ್ರಲ್ಲೇ 12 ಗ್ರಾಂ ಪ್ರೋಟೀನ್ ಬಂತು, ಮೇಲೆ 30 ಗ್ರಾಂ ಕುಂಬಳಬೀಜ ಉದುರಿಸಿದ್ರೆ ಇನ್ನೊಂದು 9 ಗ್ರಾಂ. ಬೇಳೆಯ ಕಾರ್ಬ್ಸ್ ನಾನು ಲೆಕ್ಕಕ್ಕೆ ಹಿಡಿದಿಲ್ಲ, ಹಸಿಯಾಗಿ ತಿಂದಾಗ ಅದು ಎಷ್ಟು ಒಳಗೆ ಹತ್ತುತ್ತೆ ಅಂತ ನೆಚ್ಚಿಕೊಳ್ಳೋಕಾಗಲ್ಲ.

ಬೆಳಗ್ಗೆ ಹೋಗೋರಿಗೆ

ಬೆಳಗ್ಗೆ 6ಕ್ಕೆ ಜಿಮ್ ಇರೋರು 3 ಗಂಟೆಗೆ ಎದ್ದು ಕೋಸಂಬರಿ ತಿನ್ನೋಕಾಗುತ್ತಾ, ಆಗಲ್ಲ. ಅವರಿಗೆ ಹಿಂದಿನ ರಾತ್ರಿ ಊಟನೇ ಮುಖ್ಯ, ಸ್ನಾಯುವಿನ ಗ್ಲೈಕೋಜನ್ ತುಂಬೋದು ಅದ್ರಿಂದ. ರಾತ್ರಿ ಬರೀ ಸೌತೆಕಾಯಿ, ಎಲೆಕೋಸು ಸಲಾಡ್ ತಿಂದು ಮಲಗಿದ್ರೆ ಬೆಳಗ್ಗೆ ಏನು ತಿಂದ್ರೂ ಪೂರ್ತಿ ಸರಿಹೋಗಲ್ಲ, ಹಾಗಾಗಿ ರಾತ್ರಿನೇ ಹಣ್ಣು ಚೆನ್ನಾಗಿ ತಿನ್ನಿ. ಬೆಳಗ್ಗೆ ಎದ್ದಾಗ ಲಿವರ್‌ನಲ್ಲಿರೋ ಸಕ್ಕರೆ ದಾಸ್ತಾನು ಮಾತ್ರ ಇಳಿದಿರುತ್ತೆ, ಅದಕ್ಕೆ 30ರಿಂದ 45 ಗ್ರಾಂ ಕಾರ್ಬ್ಸ್ ಸಾಕು.

ಇದಕ್ಕೆ ಒಂದು ಪಾನಕ ಹೇಳ್ತೀನಿ, ಮಾಡೋಕೆ ಐದು ನಿಮಿಷ. ರಾತ್ರಿ ನಾಲ್ಕು ಖರ್ಜೂರ ಬೀಜ ತೆಗೆದು ಒಂದು ಲೋಟ ನೀರಲ್ಲಿ ಹಾಕಿ ಫ್ರಿಜ್ಜಲ್ಲಿಡಿ, ಬೀಜ ತೆಗೆಯುವಾಗ ಒಳಗೆ ಸೀಳಿ ನೋಡಿ, ಕೆಲವು ಖರ್ಜೂರದಲ್ಲಿ ಹುಳ ಇಲ್ಲಾ ಕಪ್ಪು ಪುಡಿ ಇರುತ್ತೆ. ಬೆಳಗ್ಗೆ ಅದೇ ನೀರಿನ ಸಮೇತ ಮಿಕ್ಸಿಗೆ ಹಾಕಿ, ಒಂದು ಪಚ್ಚಬಾಳೆ ಮುರಿದು ಹಾಕಿ, ಅರ್ಧ ನಿಂಬೆಹಣ್ಣು ಹಿಂಡಿ, ಎರಡು ಚಿಟಿಕೆ ಉಪ್ಪು ಹಾಕಿ ತಿರುವಿದ್ರೆ ತಿಳಿ ಕಂದು ಬಣ್ಣಕ್ಕೆ ಬರುತ್ತೆ, ಗಟ್ಟಿ ಅನ್ಸಿದ್ರೆ ಇನ್ನಷ್ಟು ನೀರು. ಜಿಮ್‌ಗೆ 40–45 ನಿಮಿಷ ಇದ್ದಾಗ ನಿಧಾನಕ್ಕೆ ಕುಡೀರಿ. ರುಚಿ ಹೆಚ್ಚುಕಮ್ಮಿ ನಮ್ಮ ಬಾಳೆಹಣ್ಣಿನ ರಸಾಯನದ್ದೇ, ಕಾಯಿಹಾಲು ಮಾತ್ರ ಇಲ್ಲ. ಕಾಯಿಹಾಲು ಬೇಕಂತಲೇ ಬಿಟ್ಟಿರೋದು, ಕೊಬ್ಬು ಇದ್ರೆ ಹೊಟ್ಟೆ ಖಾಲಿ ಆಗೋದು ನಿಧಾನ ಆಗುತ್ತೆ, ಆ ರಸಾಯನ ಜಿಮ್ ಮುಗಿಸಿ ಬಂದು ಬೇಕಾದಷ್ಟು ತಿನ್ನಿ.

ಬಾಳೆಹಣ್ಣು ಆರಿಸೋವಾಗ ಸಿಪ್ಪೆ ಮೇಲೆ ಕಂದು ಚುಕ್ಕಿ ಬಂದಿರೋದನ್ನೇ ತಗೊಳಿ. ಹಸಿರು ಇರೋದ್ರಲ್ಲಿ ಪಿಷ್ಟ ಇನ್ನೂ ಸಕ್ಕರೆ ಆಗಿರಲ್ಲ, ಮೇಲೆ ಹೇಳಿದ ಅದೇ ತೊಂದರೆ. ಮಾವಿನ ಸೀಸನ್‌ನಲ್ಲಿ ಒಂದು ಬಟ್ಟಲು ಮಾವಿನ ಹೋಳು ತಿಂದ್ರೆ 25 ಗ್ರಾಂ ಆಸುಪಾಸು ಬರುತ್ತೆ, ಹಲಸಿನ ತೊಳೆ 100 ಗ್ರಾಂಗೆ 23. ಕಲ್ಲಂಗಡಿ ಬರೀ ನೀರು, ಹೊಟ್ಟೆ ತುಂಬುತ್ತೆ ಆದ್ರೆ 100 ಗ್ರಾಂಗೆ 7–8 ಗ್ರಾಂ ಅಷ್ಟೇ ಕಾರ್ಬ್ಸ್. ಸೀಬೆ, ಸಪೋಟ ಎರಡರಲ್ಲೂ ನಾರು ಜಾಸ್ತಿ, ಸೇಬಿನಲ್ಲಿ ಸಾರ್ಬಿಟಾಲ್ ಅಂತ ಒಂದಿದೆ, ಕೆಲವರಿಗೆ ಅದು ಗ್ಯಾಸ್ ಮಾಡುತ್ತೆ, ಇವನ್ನೆಲ್ಲ ಬೇರೆ ಹೊತ್ತಿಗೆ ಇಟ್ಕೊಳಿ.

ಕೊನೇ ಹದಿನೈದು ನಿಮಿಷ

ಏನೂ ತಿನ್ನೋಕೆ ಟೈಮ್ ಆಗಿಲ್ಲ, ಸೀದಾ ಆಫೀಸಿಂದ ಜಿಮ್ ಬಾಗಿಲಿಗೆ ಬಂದಿದ್ದೀರಿ ಅಂದ್ರೆ ಮೂರು ಖರ್ಜೂರ, ಇಲ್ಲಾ ಒಂದು ದೊಡ್ಡ ಚಮಚ ಜೇನುತುಪ್ಪ, ಅದ್ರಲ್ಲಿ 17 ಗ್ರಾಂ ಕಾರ್ಬ್ಸ್ ಇದೆ. ವಿಜಯಪುರದ ಒಣದ್ರಾಕ್ಷಿ ಸಿಕ್ಕಿದ್ರೆ ಇನ್ನೂ ಒಳ್ಳೇದು, ಅಲ್ಲಿ ನೆರಳಲ್ಲಿ ಒಣಗಿಸ್ತಾರೆ, 30 ಗ್ರಾಂ ತಿಂದ್ರೆ 24 ಗ್ರಾಂ ಸಿಕ್ತು, ಒಣಗಿಸೋ ಮುಂಚೆ ದ್ರಾಕ್ಷಿಯನ್ನ ದ್ರಾವಣದಲ್ಲಿ ಅದ್ದಿರ್ತಾರೆ ಅದಕ್ಕೆ ತೊಳೆದು ತಿನ್ನಿ. ಎಳನೀರಿನಲ್ಲಿ ಪೊಟ್ಯಾಶಿಯಂ ಚೆನ್ನಾಗಿದೆ, ಆದ್ರೆ ಬೆವರಲ್ಲಿ ಜಾಸ್ತಿ ಹೋಗೋದು ಸೋಡಿಯಂ, ಅದು ಎಳನೀರಲ್ಲಿ ಕಮ್ಮಿ, ಬೇಸಿಗೆಯಲ್ಲಿ ಒಂದು ಚಿಟಿಕೆ ಉಪ್ಪು ಸೇರಿಸಿ ಕುಡಿಯೋದು ಒಳ್ಳೇದು. ಕಬ್ಬಿನ ಹಾಲು ಅರ್ಧ ಲೋಟ ಸಾಕು, ಐಸ್ ಬೇಡ ಅಂತ ಮೊದಲೇ ಹೇಳಿ, ಆ ಐಸ್ ಯಾವ ನೀರಿಂದು ಅಂತ ಯಾರಿಗೂ ಗೊತ್ತಿರಲ್ಲ. ಬೀಟ್‌ರೂಟ್ ಜ್ಯೂಸ್ ಕುಡಿಬಹುದು, ಎರಡು-ಮೂರು ಗಂಟೆ ಮುಂಚೆ, ಅದ್ರ ಲಾಭ ಓಡೋರಿಗೆ ಕಂಡಷ್ಟು ಸ್ಪಷ್ಟವಾಗಿ ತೂಕ ಎತ್ತೋರಿಗೆ ಕಂಡಿಲ್ಲ.

ಹಸಿಯಾಗಿ ಮುಟ್ಟಲೇಬಾರದ್ದು

ಇಲ್ಲಿ ಸ್ವಲ್ಪ ಗಟ್ಟಿಯಾಗೇ ಹೇಳ್ತೀನಿ. ರಾಜ್ಮಾ ಹಸಿಯಾಗಿ ಬೇಡವೇ ಬೇಡ, ನೆನೆಸಿ ಮೊಳಕೆ ಬರಿಸಿದ್ರೂ ಬೇಡ, ಅದ್ರಲ್ಲಿರೋ ಲೆಕ್ಟಿನ್ ಅನ್ನೋ ವಿಷ ಚೆನ್ನಾಗಿ ಕುದಿಸಿದ್ರೆ ಮಾತ್ರ ಹೋಗೋದು, ಕೆಲವೇ ಕಾಳು ಸಾಕು ವಾಂತಿ-ಭೇದಿ ಹಿಡಿಸೋಕೆ. ಅವರೆಕಾಳು, ಸೋಯಾ, ಮರಗೆಣಸು ಕೂಡ ಹಸಿಯಾಗಿ ತಿನ್ನೋ ವಸ್ತು ಅಲ್ಲ. ಹಸಿ ಮೊಟ್ಟೆ ಒಡೆದು ಗಟಗಟ ಕುಡಿಯೋರು ಇನ್ನೂ ಇದ್ದಾರೆ, ಬೇಯಿಸಿದ ಮೊಟ್ಟೆಯ ಪ್ರೋಟೀನ್ ಶೇಕಡಾ 90ರಷ್ಟು ಜೀರ್ಣ ಆದ್ರೆ ಹಸಿದು ಶೇಕಡಾ 50ರ ಆಸುಪಾಸು ಅಷ್ಟೇ, ಮೇಲೆ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಭಯ ಬೇರೆ. ಕಾಯಿಸದ ಹಾಲಿನಿಂದ ಬ್ರುಸೆಲ್ಲೋಸಿಸ್ ಅನ್ನೋ ಜ್ವರ, ಟಿಬಿ ಬರಬಹುದು, ಹಸು ಮನೇದೇ ಆದ್ರೂ ಅಷ್ಟೇ.

ಮೊಳಕೆ ಬಗ್ಗೆನೂ ಹುಷಾರಾಗಿರಿ. ಕಾಳು ಮೊಳೆಯೋಕೆ ಬೇಕಾದ ಬಿಸಿ, ತೇವ ಬ್ಯಾಕ್ಟೀರಿಯಾಗೂ ಹಬ್ಬನೇ. 2011ರಲ್ಲಿ ಜರ್ಮನಿಯಲ್ಲಿ ಮೆಂತ್ಯ ಮೊಳಕೆಯಿಂದ ಹರಡಿದ ಈ-ಕೊಲೈ ಸೋಂಕಿಗೆ 50ಕ್ಕೂ ಹೆಚ್ಚು ಜನ ಸತ್ತರು. ಮನೇಲಿ ಮಾಡುವಾಗ ಕಾಳು ಮೂರ್ನಾಲ್ಕು ಸಲ ತೊಳೆದು, ಎಂಟು ಗಂಟೆ ಕುಡಿಯೋ ನೀರಲ್ಲೇ ನೆನೆಸಿ, ನೀರು ಚೆಲ್ಲಿ, ಒಗೆದು ಬಿಸಿಲಲ್ಲಿ ಒಣಗಿಸಿದ ಹತ್ತಿ ಬಟ್ಟೆಯಲ್ಲಿ ಕಟ್ಟಿಡಿ, ದಿನಕ್ಕೆ ಎರಡು-ಮೂರು ಸಲ ಬಿಚ್ಚಿ ಮತ್ತೆ ತೊಳೀರಿ. ಮೊಳಕೆ ಅರ್ಧ ಇಂಚು ಬಂದ ಕೂಡ್ಲೇ ಫ್ರಿಜ್ಜಿಗೆ. ಮುಟ್ಟಿದ್ರೆ ಲೋಳೆ ಅನ್ಸಿದ್ರೆ, ಹುಳಿ ವಾಸನೆ ಬಂದ್ರೆ ಎಸೆಯಿರಿ. ಹೀಗೆಲ್ಲ ಮಾಡಿದ್ರೂ ಅಪಾಯ ಪೂರ್ತಿ ಹೋಗಲ್ಲ, ಗರ್ಭಿಣಿಯರು, ಚಿಕ್ಕ ಮಕ್ಕಳು, ವಯಸ್ಸಾದವರು, ರೋಗನಿರೋಧಕ ಶಕ್ತಿ ಕಮ್ಮಿ ಇರೋರು ಮೊಳಕೆ ಬೇಯಿಸಿಯೇ ತಿನ್ನಬೇಕು.

ಕಾಳು, ಬೀಜ, ಬಾದಾಮಿ ಎಲ್ಲ ಆಮೇಲೆ

ನಮ್ಮ ಕಡೆ ಗರಡಿ ಮನೆಗಳಲ್ಲಿ ಪೈಲ್ವಾನರು ಬಾದಾಮಿ ಅರೆದು ಕುಡಿಯೋದು ಸಾಮು ಮುಗಿಸಿದ ಮೇಲೆ, ಮಟ್ಟಿ ಮೇಲೆ ಇಳಿಯೋ ಮುಂಚೆ ಅಲ್ಲ. ಅದೇ ಕ್ರಮ ಇಟ್ಕೊಳಿ. ತೂಕ ಎತ್ತೋರಿಗೆ ದಿನಕ್ಕೆ ಕಿಲೋಗೆ 1.4ರಿಂದ 2 ಗ್ರಾಂ ಪ್ರೋಟೀನ್ ಬೇಕು, 70 ಕಿಲೋಗೆ 98ರಿಂದ 140 ಗ್ರಾಂ, ಪೂರ್ತಿ ಸಸ್ಯಾಹಾರಿ ರಾ ಡಯಟ್‌ನಲ್ಲಿ ಇದು ನಿಜಕ್ಕೂ ಕಷ್ಟ, 100 ಗ್ರಾಂ ಶೇಂಗಾದಲ್ಲಿ 26 ಗ್ರಾಂ ಪ್ರೋಟೀನ್ ಸಿಗುತ್ತೆ ನಿಜ ಆದ್ರೆ ಜೊತೆಗೆ 560 ಚಿಲ್ಲರೆ ಕ್ಯಾಲೊರಿನೂ ಬರುತ್ತೆ. ಹಾಗಾಗಿ ಹೆಸರುಬೇಳೆ, ನೆನೆಸಿದ ಕಡಲೆ, ಕುಂಬಳಬೀಜ ದಿನವಿಡೀ ಹಂಚ್ಕೊಂಡು ತಿನ್ನಿ, ಅಷ್ಟಾದ್ರೂ ಸಾಲದಿದ್ರೆ ದಿನಕ್ಕೊಂದು ಹೊತ್ತು ಬೇಯಿಸಿದ ಬೇಳೆ ಸೇರಿಸ್ಕೊಳೋದು ಬುದ್ಧಿವಂತಿಕೆ ಅಂತ ನನ್ನ ಅಭಿಪ್ರಾಯ. ಬಿ12 ಗಿಡದಿಂದ ಬರೋ ಆಹಾರದಲ್ಲಿ ನಂಬೋ ಹಾಗೆ ಸಿಗಲ್ಲ, ಮಾತ್ರೆ ತಗೊಳ್ಳಲೇಬೇಕು. ಕ್ರಿಯೇಟಿನ್ (ಸ್ನಾಯುವಿಗೆ ತಕ್ಷಣದ ಶಕ್ತಿ ಒದಗಿಸೋಕೆ ನೆರವಾಗೋ ವಸ್ತು) ಆಹಾರದಲ್ಲಿ ಸಿಗೋದು ಮುಖ್ಯವಾಗಿ ಮಾಂಸ, ಮೀನಿನಿಂದ, ಸಸ್ಯಾಹಾರಿಗಳ ಸ್ನಾಯುವಿನಲ್ಲಿ ಅದು ಕಮ್ಮಿ ಇರುತ್ತೆ, ದಿನಕ್ಕೆ 3–5 ಗ್ರಾಂ ತಗೊಂಡ್ರೆ ವ್ಯತ್ಯಾಸ ಕಾಣುತ್ತೆ, ಕಿಡ್ನಿ ತೊಂದರೆ ಇರೋರು ಡಾಕ್ಟರ್ ಕೇಳಿ.

ಹೆಣ್ಣುಮಕ್ಕಳು ಇನ್ನೊಂದು ಗಮನಿಸಬೇಕು. ಜರ್ಮನಿಯಲ್ಲಿ ರಾ ಫುಡ್ ತಿನ್ನೋರ ಮೇಲೆ ನಡೆದು 1999ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 45 ವರ್ಷದೊಳಗಿನ ಹೆಂಗಸರಲ್ಲಿ ಸುಮಾರು ಶೇಕಡಾ 30 ಜನಕ್ಕೆ ಮುಟ್ಟು ಏರುಪೇರಾಗಿತ್ತು ಇಲ್ಲಾ ನಿಂತೇಹೋಗಿತ್ತು. ಹಸಿ ಆಹಾರದಲ್ಲಿ ಹೊಟ್ಟೆ ಬೇಗ ತುಂಬುತ್ತೆ, ಕ್ಯಾಲೊರಿ ತುಂಬಲ್ಲ, ಅದ್ರ ಮೇಲೆ ವರ್ಕೌಟ್ ಸೇರಿದ್ರೆ ಕೊರತೆ ಇನ್ನೂ ಜಾಸ್ತಿ. ಮುಟ್ಟು ತಪ್ಪಿದ್ರೆ ಫಿಟ್ ಆಗ್ತಿದ್ದೀನಿ ಅಂದ್ಕೋಬೇಡಿ, ಡಾಕ್ಟರ್ ಹತ್ರ ಹೋಗಿ, ಊಟ ಜಾಸ್ತಿ ಮಾಡಿ. ಶುಗರ್ ಇರೋರು, ಅದ್ರಲ್ಲೂ ಇನ್ಸುಲಿನ್ ತಗೊಳ್ಳೋರು, ಮೇಲಿನ ಹಣ್ಣಿನ ಲೆಕ್ಕವನ್ನ ಹಾಗೇ ಪಾಲಿಸಬಾರದು, ನಿಮ್ಮ ಡಾಕ್ಟರ್ ಜೊತೆ ಕೂತು ಅಳತೆ ಗೊತ್ತು ಮಾಡ್ಕೊಳಿ.

ಹೊಸದಾಗಿ ಏನಾದ್ರೂ ತಿಂದು ನೋಡೋದಿದ್ರೆ ಹಗುರ ವರ್ಕೌಟ್ ಇರೋ ದಿನ ನೋಡಿ, ಡೆಡ್‌ಲಿಫ್ಟ್ ದಿನ ಬೇಡ. ಏನು ತಿಂದೆ, ಎಷ್ಟೊತ್ತಿಗೆ ತಿಂದೆ, ಕೊನೇ ಸೆಟ್ ಹೇಗಿತ್ತು ಅಂತ ಫೋನಲ್ಲಿ ಒಂದು ಸಾಲು ಬರೆದಿಟ್ಕೊಳಿ, ಒಂದು ಸಲಕ್ಕೆ ಒಂದೇ ಬದಲಾವಣೆ. ಬಾಳೆಹಣ್ಣು 45 ನಿಮಿಷಕ್ಕೆ ಭಾರ ಅನ್ಸಿದ್ರೆ ಒಂದು ಗಂಟೆಗೆ ಹಿಂದಕ್ಕೆ ತಳ್ಳಿ, ಅದೂ ಆಗ್ಲಿಲ್ಲ ಅಂದ್ರೆ ಹಣ್ಣು ಅರ್ಧ ಮಾಡಿ ಖರ್ಜೂರಕ್ಕೆ ಹೋಗಿ.